ಬಂಪರಿನಾಗ ಹಲ್ಲ ಎಣಿಸಿದ ಚಾಚಾ

ಥಿನ್ನರ್ ಡಬ್ಬಿ ಮುಚ್ಚಳ ತಗದ್ನೋ ಇಲ್ಲೋ, ಆ ವಾಸನಿ ಸೀದಾ ಮೂಗಿಗೆ ಬಂದು ಹೊಡೀತು ನೋಡ್ರಿ. ನಾ ನಿಂತಿದ್ದು ಬಾಗಲಕೋಟಿ ನವನಗರದ ನಮ್ಮ ಮನಿ ಅಂಗಳದಾಗ, ಖರೆ ಮನಸ್ಸು ಹೋಗಿ ಬಿದ್ದಿದ್ದು ಇಳಕಲ್‌ದ ನಮ್ಮ ತವರಮನಿ ಪಡಸಾಲ್ಯಾಗ! ಇಪ್ಪತ್ತು ವರ್ಷದ ಹಿಂದಿನ ಪಡಸಾಲಿ. ಆ ಮೂಲ್ಯಾಗ ಅವ್ವನ ನೂಲು ಸುತ್ತೂ ರಾಟಿ, ಈ ಮೂಲ್ಯಾಗ ಎರಡು ಸ್ಟೂಲಿನ ಮ್ಯಾಲ ಅಡ್ಡ ಮಲಗಿಸಿದ ಒಂದು ಕಾರಿನ ಬಂಪರು, ಬಾಗಲದಾಗ ನಿಂತು ‘ಕೈ ನಡೀಲಿ, ಕೈ ನಡೀಲಿ’ ಅಂತ ಕೂಗೂ ಚಾಚಾ...

ಮದಲ ಇವತ್ತಿನ ಸುದ್ದಿ ಹೇಳಿಬಿಡ್ತೇನಿ. ಹ್ವಾದ ವಾರ ಸಾಲಿಯಿಂದ ಬಂದು ಕಾರು ಗೇಟಿನಾಗ ಹೊಳ್ಳಿಸುವಾಗ ಮುಂದಿನ ಬಂಪರು ಗೇಟಿನ ಕಂಬಕ್ಕ ಉಜ್ಜಿತು. ನಾನ ಉಜ್ಜಿದ್ನಿ ಅನ್ನೂದು ನಮ್ಮ ಮನಿಯವರ ವಾದ, ಕಂಬಾನ ಮುಂದ ಬಂತು ಅನ್ನೂದು ನನ್ನ ವಾದ. ಕಾರು ಕರೀ ಬಣ್ಣದ್ದು. ಕರೀ ಬಣ್ಣದ ಕಾರು ಇಟಗೊಂಡವರಿಗೆ ಗೊತ್ತಿರತೈತಿ, ಅದು ಒಂದು ಗೀರನ್ನೂ ಹೊಟ್ಟ್ಯಾಗ ಹಾಕ್ಕೊಳ್ಳಂಗಿಲ್ಲ, ಊರಿಗೆಲ್ಲಾ ತೋರಸ್ತೈತಿ. ಗ್ಯಾರೇಜಿನವ ಹತ್ತು ದಿನ ಬಿಟ್ಟು ಬರ್ರಿ ಅಂದ. ಮನಿಯವರು ಆಗಲಿ ಅಂದ್ರು. ನಾ ಆಗಂಗಿಲ್ಲ ಅಂದ್ನಿ.

“ಯಾಕ್ರಿ, ನಾನ ಮಾಡ್ತೇನಿ ಮನ್ಯಾಗ.”

ಅವರು ಚಹಾದ ಕಪ್ಪು ಕೆಳಗ ಇಟ್ಟು ನನ್ನ ಮಾರಿ ನೋಡಿದ್ರು. “ನೀ ಗಣಿತ ಕಲಸೂ ಟೀಚರೋ, ಬಂಪರಿಗೆ ಬಣ್ಣ ಹೊಡ್ಯಾಕಿಯೋ?”

“ಎರಡೂ” ಅಂದ್ನಿ. “ಹಿಂದ ಒಮ್ಮೆ ಹೊಡದೀನಿ. ಹಲ್ಲ ಎಣಸೂ ಹಂಗ ಹೊಳಪು ಬಂದಿತ್ತು.”

ಹಲ್ಲಿನ ಮಾತು ಅವರಿಗೆ ತಿಳೀಲಿಲ್ಲ. ನಾನೂ ಆಗ ಬಿಡಿಸಿ ಹೇಳಲಿಲ್ಲ. ಈಗ ನಿಮಗ ಹೇಳ್ತೇನಿ.

ಇಳಕಲ್‌ದಾಗ ನಮ್ಮದು ನೇಕಾರರ ಮನಿ. ಅವ್ವ ಮಗ್ಗದ ಮ್ಯಾಲ ಕುಂತ್ರ ಎದ್ದೇಳಾಕ ಮಧ್ಯಾಹ್ನ ಆಗತಿತ್ತು. ನಮ್ಮ ಗ್ವಾಡಿಗೆ ಹತ್ತಿದ್ದ ಮನಿ ಚಾಚಾಂದು. ಚಾಚಾ ಕಲ್ಲು ಪಾಲಿಶ್ ಮಾಡವರು. ನಮ್ಮೂರ ಕೆಂಪು ಕಲ್ಲು ಗೊತ್ತಲ್ಲ, ಅದು ನೆಲದಾಗಿಂದ ಬಂದಾಗ ಒರಟು ಬಂಡೆಗಲ್ಲು. ಚಾಚಾನ ಕೈಯಾಗ ಹಾದು ಹೊರಗ ಬಂತಂದ್ರ ಕನ್ನಡಿ! ನಾ ಸಣ್ಣಾಕಿ ಇದ್ದಾಗಿಂದ ಅವರ ಕೆಲಸ ನೋಡೀನಿ. ಕಲ್ಲು ಮುಗೀತೋ ಇಲ್ಲೋ ಅಂತ ಪರೀಕ್ಷಾ ಮಾಡಾಕ ಬ್ಯಾರೆಯವರು ಟ್ಯೂಬ್‌ಲೈಟಿನ ನೆರಳು ನೋಡತಿದ್ರು. ಚಾಚಾ ಹಂಗ ಮಾಡತಿರಲಿಲ್ಲ. ಕಲ್ಲಿನ ಮ್ಯಾಲ ಬಾಗಿ ಹಲ್ಲ ಕಿಸೀತಿದ್ರು. “ಒಂದ್, ಎರಡ್, ಮೂರ್...” ಅಂತ ಕಲ್ಲಿನಾಗ ಕಾಣೂ ತಮ್ಮ ಹಲ್ಲ ಎಣಸತಿದ್ರು. ಮ್ಯಾಲಿನ ಸಾಲಿನಾಗ ಒಂದು ಹಲ್ಲು ಇರಲಿಲ್ಲ, ಎಂದೋ ಕಲ್ಲಿನ ಚಕ್ಕಿ ಸಿಡದು ಹೋಗಿತ್ತು. ಆ ಜಾಗಕ್ಕ ಬಂದ ಕೂಡ್ಲೆ, “ಇಲ್ಲಿ ಬಾಗಲಾ ತಗದೈತಿ” ಅಂದು ಮುಂದ ಹೋಗತಿದ್ರು. ಹಲ್ಲು ಒಂದೊಂದೂ ಬ್ಯಾರೆ ಬ್ಯಾರೆ ಕಂಡ್ರ ಪಾಲಿಶ್ ಪಾಸು. ಸಾಲು ಕಲಸಿಕೊಂಡು ಬೆಳ್ಳಗ ಕಂಡ್ರ ನಪಾಸು, ಮತ್ತ ಉಜ್ಜಬೇಕು.

ನಾ ಬಿ.ಎಡ್ ಮುಗಿಸಿ ಒಂದು ಖಾಸಗಿ ಸಾಲ್ಯಾಗ ಸೇರಿದ ವರ್ಷ ಚಾಚಾ ಫ್ಯಾಕ್ಟರಿ ಬಿಟ್ಟರು. ದವಾಖಾನ್ಯಾಗ ಡಾಕ್ಟರು ಎದಿ ಫೋಟೋ ನೋಡಿ, ಇನ್ನ ಕಲ್ಲಿನ ಧೂಳಿನ ಹತ್ತರ ಹೋಗಬ್ಯಾಡ್ರಿ ಅಂದಿದ್ರಂತ. ಚಾಚಾ ಅದನ್ನ ನೆಗಡಿ ಬಂದೈತಿ ಅನ್ನೂ ಹಂಗ ಹೇಳಿದ್ರು, ನಾವೂ ಹಂಗ ಕೇಳಿದ್ವಿ. ಇದ್ದದ್ದೆಲ್ಲಾ ಕೂಡಿಸಿ ಒಂದು ಸಣ್ಣ ಹಳೇ ಕಾರು ತಂದ್ರು. ಬಣ್ಣ ಗಾಢ ಕೆಂಪು, ನಮ್ಮೂರ ಕಲ್ಲಿಂದ ಕಡದು ಮಾಡಿದಂಗ. ಬಾದಾಮ್ಯಾಗ ಒಂದು ಲಾಡ್ಜಿನ ಮಾಲಕರು, ಗುಹಾ ನೋಡಾಕ ಬರೂ ಮಂದೀನ ಬನಶಂಕರಿಗೆ, ಮಹಾಕೂಟಕ್ಕ ಕರಕೊಂಡು ಹೋಗಾಕ ದಿನಾ ಒಂದು ಕಾರು ಬೇಕಂತ ಹೇಳಿದ್ರು. ಸೋಮವಾರ ಮುಂಜಾನೆ ಗಾಡಿ ತಂದು ತೋರಸ್ರಿ, ನೀಟಾಗಿ ಇದ್ರ ನಿಮ್ಮದ ಖಾಯಂ ಅಂದಿದ್ರು. ಅದು ಆಗಲಿಲ್ಲಂದ್ರ ಚಾಚಾಗ ಉಳಿದಿದ್ದ ದಾರಿ ಒಂದ, ತಿರುಗಿ ಕಲ್ಲಿಗೆ ಹೋಗೂದು.

ಇಂಥಾ ಹೊತ್ತಿನಾಗ ನನಗ ಕಾರು ಕಲೀಬೇಕು ಅನ್ನೂ ಹುಚ್ಚು ಹಿಡೀಬೇಕಾ? ಹಿಡೀತು. ಚಾಚಾ ಒಂದು ಮಾತಿಗೆ ಹೂಂ ಅಂದ್ರು. ಗುರುವಾರ ಸಂಜೀಕ ಹುನಗುಂದ ರಸ್ತೆ ಬಾಜೂಕಿನ ಬಯಲಿಗೆ ಕರಕೊಂಡು ಹೋದ್ರು. ಅಲ್ಲಿ ಯಾರೂ ಇರತಿರಲಿಲ್ಲ, ಫ್ಯಾಕ್ಟರಿಯವರು ಬ್ಯಾಡಂತ ಬಿಟ್ಟ ಬಂಡೆಗಲ್ಲು ಮಾತ್ರ ನಾಕೈದು ಬಿದ್ದಿದ್ವು. ಇಡೀ ಬಯಲು ನನ್ನದ ಇತ್ತು, ಹೇಳ್ರಿ ಯಾವ ಪುಣ್ಯಾತ್ಮರಿಗೆ ಅಲ್ಲಿ ಗುದ್ದಾಕ ಆಗತೈತಿ? ನನಗ ಆತು! ಬ್ರೇಕ್ ಅಂತ ತುಳದಿದ್ದು ಎಕ್ಸಿಲೇಟರು. ಕಾರು ಜಿಗದು ಒಂದು ಬಂಡೆಗಲ್ಲಿನ ಮೂಲಿಗೆ ಬಂಪರು ಉಜ್ಜಿಕೊಂಡು ನಿಂತಿತು.

ಚಾಚಾ ಕೆಳಗ ಇಳದ್ರು. ಮದಲ ಕಲ್ಲನ್ನ ಕೈಯಾಡಿಸಿ ನೋಡಿದ್ರು. ಆಮ್ಯಾಲ ನನ್ನ ಕಡೆ ತಿರುಗಿ, “ಚಿಂತಿ ಮಾಡಬ್ಯಾಡ ಬೇಟಿ, ಕಲ್ಲಿಗೇನೂ ಆಗಿಲ್ಲ” ಅಂದ್ರು.

ನಗಬೇಕೋ ಅಳಬೇಕೋ ತಿಳೀಲಿಲ್ಲ, ಎರಡೂ ಮಾಡಿದ್ನಿ. ಬಂಪರಿನ ಎಡಗಡೆ ಮೂಲಿ ಗೇಣುದ್ದ ಹೆರದಿತ್ತು, ಒಳಗಿನ ಕರೀ ಪ್ಲಾಸ್ಟಿಕ್ ಕಾಣತಿತ್ತು. ಸೋಮವಾರಕ್ಕ ಉಳಿದಿದ್ದು ಮೂರ ದಿನ. ಊರಾಗಿನ ಪೇಂಟರು ಮದುವಿಗಂತ ಪರ ಊರಿಗೆ ಹೋಗಿದ್ದ. ನಾ ಆವತ್ತು ರಾತ್ರಿ ಊಟಾನ ಮಾಡಲಿಲ್ಲ. ಮುಂಜಾನೆ ಎದ್ದು ಸೀದಾ ಹೋಗಿ ಹೇಳಿದ್ನಿ. ಕೆಡಿಸಿದಾಕಿ ನಾನು, ನೆಟ್ಟಗ ಮಾಡಾಕೀನೂ ನಾನ, ನೀವು ಹೆಂಗಂತ ಹೇಳ್ರಿ ಸಾಕು.

“ನನಗೇನ ಗೊತ್ತ?” ಅಂದ್ರು ಚಾಚಾ. “ನಾ ಕಲ್ಲಿನವ.” ಆಮ್ಯಾಲ ಕಣ್ಣ ಅರಳಿಸಿ, “ಖರೆ ಹೊಳಪು ಅಂದ್ರ ಹೊಳಪ ಅಲ್ಲೇನು?” ಅಂದ್ರು.

ಅಷ್ಟ ಸಾಕಾತು. ಬಣ್ಣದ ಅಂಗಡಿಯವ ಕಾರಿನ ಬಣ್ಣಕ್ಕ ಹೊಂದಿಸಿ ಬಣ್ಣ ಕಲಸಿ ಕೊಟ್ಟ, ಕ್ರಮಾ ಬಾಯಿಪಾಠ ಮಾಡಿಸಿದ: ಗೀರಿಗೆ ಪುಟ್ಟಿ ತುಂಬಿ ವಾಟರ್ ಪೇಪರ್ ಅನ್ನೂ ಉಸುಕಿನ ಕಾಗದಲೆ ತಿಕ್ಕರಿ, ಪ್ಲಾಸ್ಟಿಕ್ಕಿಗೆ ಬಣ್ಣ ಹಿಡೀಲಿ ಅಂತ ಪ್ರೈಮರ್ ಹೊಡೀರಿ, ಆಮ್ಯಾಲ ಬಣ್ಣ, ಎಲ್ಲಾದರ ಮ್ಯಾಲ ಕ್ಲಿಯರ್. ಹೊಳಪು ಬರೂದು ಆ ನೀರಿನಂಥಾ ಕ್ಲಿಯರಿನಿಂದ. ಪಂಕ್ಚರ್ ಅಂಗಡಿಯವರ ಕಂಪ್ರೆಸರ್ ಬಂತು, ಎಲ್ಲಿಂದೋ ಒಂದು ಸ್ಪ್ರೇ ಗನ್ ಬಂತು. ಓಣಿಗೆಲ್ಲಾ ಸುದ್ದಿ ಆತು. ಟೀಚರು ಬಂಪರಿಗೆ ಬಣ್ಣ ಹೊಡ್ಯಾಕತ್ತಾಳಂತ ಮಂದಿ ಕೆಲಸ ಬಿಟ್ಟು ಬಂದು ಇಣಿಕಿ ಹೋದ್ರು. ನನಗ ಮಾತ್ರ ಮೈಯಾಗ ದೇವರು ಬಂದಂಗ ಆಗಿತ್ತು!

ಶುಕ್ರವಾರ ಪುಟ್ಟಿ, ತಿಕ್ಕೂದು, ಪ್ರೈಮರು ಸುರಳೀತ ಆದವು. ಶನಿವಾರ ಬಣ್ಣ. ಹೊರಗ ಗಾಳಿ ಭಾಳ ಇತ್ತು, ಅಂಗಳದಾಗ ಹೊಡದ್ರ ಧೂಳು ಕೂಡ್ತೈತಿ ಅಂತ ಬಂಪರ್‌ನ ಬಿಚ್ಚಿಕೊಂಡು ನಮ್ಮ ಪಡಸಾಲಿಗೆ ತಂದ್ವಿ. ಅಲ್ಲೇ ತಪ್ಪಿದ್ದು. ಊರಾಗ ಎಲ್ಲಾರೂ ಹೊರಗಿನ ಧೂಳಿಗೆ ಅಂಜತೀವಿ, ಮನಿಯೊಳಗಿನ ನೂಲು ಯಾರ ಕಣ್ಣಿಗೆ ಬೀಳತೈತಿ? ಹುಟ್ಟಿದಾಗಿಂದ ಅದರಾಗ ಉಸುರಾಡಿದವರು ನಾವು.

ಚಾಚಾ ನನ್ನ ಮೂಗು ಬಾಯಿಗೆ ಹಸೀ ಅರಿವಿ ತಾವ ಬಿಗದ್ರು. ಮಗ್ಗದ ಖೋಲಿ ಕಿಡಕಿ ತಗೀಬ್ಯಾಡ ಅಂತ ಹೇಳಿ, ಬಾಗಲದಾಚೆ ನಿಂತ್ರು. “ಗನ್ ಒಂದ ಕಡೆ ನಿಲ್ಲಿಸಬ್ಯಾಡ, ಕೈ ನಡೀಲಿ, ಕೈ ನಡೀಲಿ!” ಕೈ ನಡೀತು. ಕೆಂಪು ಬಣ್ಣ ತೆಳ್ಳಗ ಒಂದು ಸುತ್ತು, ಒಣಗಿದ ಮ್ಯಾಲ ಇನ್ನೊಂದು ಸುತ್ತು, ಮತ್ತೊಂದು... ಗೀರು ಎಲ್ಲಿತ್ತು ಅನ್ನೂದು ನನಗ ಗೊತ್ತಾಗಲಾರದಂಗ ಮುಚ್ಚಿ ಹೋತು. ಕ್ಲಿಯರ್ ಹೊಡದ್ನಿ. ಅಯ್ಯ ನಮ್ಮವ್ವ, ಏನ್ ಹೊಳಪದು! ಹಸೀ ಹಸೀ, ಈಗ ನೀರಾಗಿಂದ ಎತ್ತಿದಂಗ. ಕುಣದ್ನಿ ಖರೇನ.

ಅಷ್ಟರಾಗ ಒಳಗಿಂದ ಅವ್ವ, ವಾಸನಿಗೆ ತಲಿ ತಿರಗಾಕತ್ತೈತಿ, ಸೀರಿಗೆಲ್ಲಾ ಹಿಡೀತೈತಿ ಅಂತ ಒದರಿದ್ಲು. ಖುಷಿಯಾಗಿದ್ನಲ್ಲ, ಚಾಚಾನ ಮಾತು ಮರತು ಹೋಗಿ ಮಗ್ಗದ ಖೋಲಿ ಕಿಡಕಿ ಠಪ್ ಅಂತ ತಗದ್ನಿ. ಗಾಳಿ ಒಳಗ ನುಗ್ಗಿತು. ರಾಟಿ ಕೆಳಗ, ಮಗ್ಗದ ಕುಣಿಯಾಗ ಎಷ್ಟು ದಿನದಿಂದ ಕುಂತಿದ್ದ ನೂಲಿನ ತುಪ್ಪಟ ಎಲ್ಲಾ ಎದ್ದು, ಪಡಸಾಲಿ ತುಂಬ ತೇಲಿ, ಸಾವಕಾಶ ಬಂದು ಹಸೀ ಬಂಪರಿನ ಮ್ಯಾಲ ಕುಂತಿತು.

ಒಂದು ಎಳಿ ತಗ್ಯಾಕಂತ ಬೆರಳು ಹಚ್ಚಿದ್ನಿ, ಬೆರಳಿನ ಗುರ್ತು ಅಚ್ಚೊತ್ತಿದಂಗ ಮೂಡಿತು. ಇನ್ನೊಂದು ಕಡೆ ತಗ್ಯಾಕ ಹೋದ್ನಿ, ಅಲ್ಲೂ. ಅಷ್ಟೊತ್ತಿಗೆ ಚಾಚಾ ಒಳಗ ಬಂದು ನನ್ನ ಮುಂಗೈ ಹಿಡದ್ರು.

“ಮುಟ್ಟಬ್ಯಾಡ. ಒಣಗಲಿ. ಒಣಗಿದ್ದನ್ನ ತಿದ್ದಾಕ ಬರತೈತಿ ಬೇಟಿ, ಹಸೀದನ್ನ ಬರಂಗಿಲ್ಲ.”

ನಾ ಅಳಾಕ ಹತ್ತಿದ್ನಿ. ಈ ಮನಿಶ್ಯಾ ತಿರುಗಿ ಕಲ್ಲಿಗೆ ಹ್ವಾದ್ರ ಅದಕ್ಕ ಕಾರಣ ನಾ ಅನ್ನೂದು ತಲಿಯೊಳಗ ತಿರಗಾಕತ್ತಿತ್ತು. ಚಾಚಾ ಮಾತ್ರ ಬಂಪರಿನ ಮುಂದ ಕುಕ್ಕರಗಾಲಿನಾಗ ಕುಂತು, ನೂಲು ಬಿದ್ದಿದ್ದನ್ನ ಹಿಂಗ ನೋಡಿ ಹಂಗ ನೋಡಿ, “ಅರೆ, ಇದು ಇಳಕಲ್ ಸೀರಿ ಉಟ್ಟೈತಲ್ಲ!” ಅಂದ್ರು. ಒಳಗಿದ್ದ ಅವ್ವಾನೂ ನಕ್ಕಳು.

ಭಾನುವಾರ ಮುಂಜಾನೆ ಬಿಸಿಲೇರಿದ ಮ್ಯಾಲ ಅಂಗಳದಾಗ ಕುಂತ್ವಿ. ಇನ್ನ ಮುಂದಿಂದು ಪೂರಾ ಕಲ್ಲಿನ ಕೆಲಸ ಅಂದ್ರು ಚಾಚಾ. ಭಾಳ ನುಣುಪಾದ ವಾಟರ್ ಪೇಪರು ನೀರಾಗ ನೆನಸಿ ನನ್ನ ಕೈಯಾಗ ಕೊಟ್ಟರು. ತಾವು ಚರಗಿ ಹಿಡದು ನೀರು ಬಿಡಾಕ ಹತ್ತಿದ್ರು. ನಾ ತಿಕ್ಕೂದು, ಅವರು ನೀರು ಬಿಡೂದು. ಒಣಾ ತಿಕ್ಕಬ್ಯಾಡ, ಅಂಚಿನಾಗ ಒತ್ತಬ್ಯಾಡ, ಅಂಚಿನಾಗ ಬಣ್ಣ ತೆಳ್ಳಗಿರತೈತಿ, ಹಗರಕ ಹೋಗು ಅಂದ್ರು. ಹಾಲಿನಂಥಾ ಬಿಳೀ ನೀರು ಹರದು ಹೋತು. ಅದರ ಜೋಡಿ ನೂಲಿನ ಎಳಿ, ನನ್ನ ಬೆರಳಿನ ಗುರ್ತು ಎಲ್ಲಾ ಹೋದ್ವು. ಹೊಳಪೂ ಹೋತು! ಬಂಪರು ಬೂದಿ ಬಡದಂಗ ಮಂಕಾತು. ಚಾಚಾ, “ಹಿಂಗ ಆಗಬೇಕು, ಕಲ್ಲೂ ಹಿಂಗ” ಅಂತ ನೀರು ಬಿಟ್ಟಿದ್ದ ಬಿಟ್ಟಿದ್ದು.

ನಡುವ ನೀರು ಮುಗೀತು. ನಮ್ಮ ಓಣಿಗೆ ನಳ ಬರೂದು ನಾಕು ದಿನಕ್ಕೊಮ್ಮೆ, ಹಂಡೇದಾಗಿನ ನೀರೂ ಬಳದಾಗಿತ್ತು. ಉಳಿದಿದ್ದು ಅಂಗೈ ಅಗಲದ ಜಾಗ. ಇಷ್ಟಕ್ಕ ಯಾಕ ಅಂತ ನಾ ಒಣಾ ಕಾಗದಲೇ ಎರಡ ಸಲ ತಿಕ್ಕಿದ್ನಿ, ಹುಡಿ ಬೆಳ್ಳಗ ಎದ್ದಿತು. ಚಾಚಾ ನನ್ನ ಕೈಯಾಗಿನ ಪೇಪರು ಕಸಗೊಂಡು ಒಗದ್ರು!

“ಒಣಾ ತಿಕ್ಕಬ್ಯಾಡ ಅಂದ್ರ ತಿಳ್ಯಾಂಗಿಲ್ಲೇನು ನಿನಗ?”

ಹುಟ್ಟಿದಾಗಿಂದ ಆ ಮನಿಶ್ಯಾ ಒಮ್ಮೆನೂ ನನ್ನ ಮ್ಯಾಲ ದನಿ ಏರಿಸಿರಲಿಲ್ಲ. ಕಾರು ಗುದ್ದಿದಾಗ ನಕ್ಕವರು, ಬಣ್ಣ ಕೆಡಿಸಿದಾಗ ನಕ್ಕವರು, ಎರಡು ಸಲ ತಿಕ್ಕಿದ್ದಕ್ಕ ಒದರಿದ್ರು. ಒದರಿದ ಜೋರಿಗೆ ಕೆಮ್ಮು ಬಂತು, ಭಾಳ ಹೊತ್ತು ನಿಲ್ಲಲಿಲ್ಲ, ಕೆಮ್ಮಕೋತನ ತಮ್ಮ ಮನಿಯೊಳಗ ಹೋಗಿ ಬಂದ್ರು. ಚಾಚಿ ಅವರ ಮನಿಯೊಳಗಿಂದ ಕುಡಿಯೂ ನೀರಿನ ಕೊಡ ಹೊತಗೊಂಡು ಬಂದು, ನನ್ನ ಮುಂದ ಇಟ್ಟು ಹೋದಳು. ತುಂಬಿದ ಕೊಡ. ಕುಡಿಯೂ ನೀರಿಗೆ ಒದ್ದಾಡೂ ಓಣ್ಯಾಗ ಬಂಪರಿಗೆ ಕುಡಿಯೂ ನೀರು! ನಾ ಸಿಟ್ಟಿನಾಗ, ಹೊಳಪಿನ ಹುಚ್ಚು ಇವರಿಗೆ ಇಷ್ಟು ಇರಬಾರದು ಅನಕೊಂಡ್ನಿ... ಅನಕೊಂಡ್ನಲ್ಲ.

ಕಡೀಕ ಪಾಲಿಶ್. ರಬ್ಬಿಂಗ್ ಕಂಪೌಂಡ್ ಹಚ್ಚಿ ತಿಕ್ಕಾಕ ಮೆತ್ತನ್ನ ಅರಿವಿ ಬೇಕಂದ್ರು. ಅವ್ವ ಉಟ್ಟು ಉಟ್ಟು ಬೆಣ್ಣಿಯಂಗ ಆಗಿದ್ದ ಒಂದು ಹಳೇ ಸೀರಿ ಹರದು ಕೊಟ್ಟಳು. ಸುತ್ತು ಸುತ್ತು ತಿಕ್ಕಿದ್ನಿ. ರಟ್ಟಿ ಬಿದ್ದು ಹೋದ್ವು. ಮಂಕಿನೊಳಗಿಂದ ಮದಲ ಒಂದು ಮೂಲಿ ಹೊಳೀತು, ಆಮ್ಯಾಲ ಮಗ್ಗಲು, ಆಮ್ಯಾಲ ಇಡೀ ಬಂಪರು! ಹೊಸಾ ಕಾರಿಗೂ ಹಂಗ ಇರಂಗಿಲ್ಲ, ಆಣಿ ಮಾಡಿ ಹೇಳ್ತೇನಿ. ಅದರಾಗ ಮುಗಲು ಕಂಡಿತು, ನಮ್ಮ ಮಾಳಿಗಿ ಕಂಡಿತು, ಒಣಗ್ಹಾಕಿದ್ದ ಅರಿವಿ ಕಂಡವು.

ಚಾಚಾ ಮಣಕಾಲೂರಿ ಬಾಗಿದ್ರು. ಹಲ್ಲ ಕಿಸದ್ರು.

“ಒಂದ್, ಎರಡ್, ಮೂರ್... ಇಲ್ಲಿ ಬಾಗಲಾ ತಗದೈತಿ... ನಾಕ್, ಐದ್...” ಪೂರಾ ಎಣಿಸಿ ನನ್ನ ಕಡೆ ತಿರುಗಿ, “ಪಾಸು!” ಅಂದ್ರು.

ಓಣಿ ಮಂದಿ ಕೂಡಿತ್ತಲ್ಲ, ಒಬ್ಬೊಬ್ಬರಾಗಿ ಬಂದು ಬಂಪರಿನ ಮುಂದ ಬಾಗಿ ಹಲ್ಲ ಕಿಸೀಲಿಕ್ಕ ಹತ್ತಿದ್ರು. ಎಲಿ ಅಡಿಕಿ ತಿಂದು ಕೆಂಪಾದ ಹಲ್ಲು, ಉದುರಿದ ಹಲ್ಲು, ಉಬ್ಬ ಹಲ್ಲು. ಮಗ್ಗ ಬಿಟ್ಟು ಅವ್ವಾನೂ ಬಂದು ಸೆರಗಿನಾಗ ಬಾಯಿ ಮುಚಗೊಂಡು ನಗತ ನಗತ ಎರಡ ಹಲ್ಲ ತೋರಿಸಿ ಓಡಿದಳು. ನಕ್ಕು ನಕ್ಕು ಹೊಟ್ಟಿ ನೋವು ಬಂತು ನನಗ.

ಸೋಮವಾರ ಸಾಲಿಗೆ ರಜಾ ಹಾಕಿ ನಾನೂ ಬಾದಾಮಿಗೆ ಹೋದ್ನಿ. ಲಾಡ್ಜಿನ ಮಾಲಕರು ಹೊರಗ ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿದ್ರು. ಬಂಪರಿನ ಎಡಗಡೆ ಮೂಲಿಗೆ ಬಂದು, ಸರೀ ಅಲ್ಲೇ, ನಾ ಗುದ್ದಿದ್ದ ಜಾಗದಾಗ ನಿಂತ್ರು. ಬಾಗಿದ್ರು. ಮಾಲಕರು ಬಂಪರಿನಾಗ ನೋಡಕೊಂತ ಮೀಸಿ ತೀಡಿಕೊಂಡ್ರು, ಆ ಕಡೆ ಒಮ್ಮೆ, ಈ ಕಡೆ ಒಮ್ಮೆ.

“ನಾಳಿಂದ ಬರ್ರಿ” ಅಂದ್ರು.

ಹೊಳ್ಳಿ ಬರುವಾಗ ಚಾಚಾ ಬನಶಂಕರಿ ಹತ್ತರ ಗಾಡಿ ನಿಲ್ಲಿಸಿ ನನಗ ಕಬ್ಬಿನ ಹಾಲು ಕುಡಿಸಿದ್ರು. “ಇನ್ನ ಕಲ್ಲ ಮುಟ್ಟೂದಿಲ್ಲ ಬೇಟಿ” ಅಂದ್ರು. ಅವರ ಕಣ್ಣಾಗ ನೀರಿತ್ತು, ನನ್ನ ಕಣ್ಣಾಗೂ ಇತ್ತು.

ಕಲ್ಲು ಮುಟ್ಟಲಿಲ್ಲ, ಖರೆ. ಮೂರು ವರ್ಷ ಆ ಕೆಂಪು ಕಾರು ಮಹಾಕೂಟದ ರಸ್ತಾದಾಗ ಓಡಾಡಿತು. ನನ್ನ ಮದಿವಿ ಆಗಿ ನಾ ಬಾಗಲಕೋಟಿಗೆ ಬಂದಿದ್ದೂ ಅದರಾಗ. ಆದ್ರ ಮುಟ್ಟೂದು ಬಿಟ್ಟ ಮ್ಯಾಲೂ ಕಲ್ಲು ಅವರನ್ನ ಬಿಡಲಿಲ್ಲ. ಎದ್ಯಾಗ ಹೋಗಿ ಕುಂತ ಧೂಳು ಕುಂತ ಇತ್ತು. ನಾಕನೇ ವರ್ಷ ಸುದ್ದಿ ಬಂತು...

ಮಣ್ಣಾದ ಮ್ಯಾಲ ಮಾತಾಡಸಾಕ ಹೋದಾಗ ಚಾಚಿ ಮುಂದ ಏನ ಮಾತಾಡಬೇಕು ತಿಳೀದ, ಆ ಭಾನುವಾರದ ಸುದ್ದಿ ತಗದ್ನಿ. ಹೊಳಪಿನ ಸಲುವಾಗಿ ಕುಡಿಯೂ ನೀರು ಸುರಿಸಿದ್ರಲ್ಲ ಚಾಚಿ, ಎಂಥಾ ಹುಚ್ಚಿತ್ತು ಅವರಿಗೆ ಅಂದ್ನಿ.

ಚಾಚಿ ನನ್ನ ಮಾರಿ ನೋಡಿದಳು. “ಹೊಳಪಿಗೆ ಅಲ್ಲ ಬೇಟಿ. ಧೂಳಿಗೆ. ಫ್ಯಾಕ್ಟರ್‍ಯಾಗ ನೀರಿಲ್ಲದ ದಿನಾನೂ ಒಣಾ ಕಲ್ಲ ತಿಕ್ಕಿಸತಿದ್ರು. ‘ನನ್ನ ಎದ್ಯಾಗ ಹೋಗಿದ್ದು ಆ ಹುಡುಗಿ ಎದ್ಯಾಗ ಹೋಗಬಾರದು, ಕೊಡ ತಗೊಂಡು ಬಾ’ ಅಂತ ನನಗ ಹೇಳಿ ಕಳಿಸಿದ್ರು.”

 

ಈ ವಾರ ನಮ್ಮ ಅಂಗಳದಾಗ ಅದೇ ಕ್ರಮಾ ಮಾಡಿದ್ನಿ. ಈಗ ಕಂಪ್ರೆಸರ್ ಬ್ಯಾಡ, ಬಣ್ಣ ಕ್ಲಿಯರ್ ಎಲ್ಲಾ ಡಬ್ಬಿಯೊಳಗ ಸಿಗತಾವು, ಒತ್ತಿದ್ರ ಬರತೈತಿ. ಪುಟ್ಟಿ, ಪ್ರೈಮರು, ಕರೀ ಬಣ್ಣ, ಕ್ಲಿಯರು. ಎರಡು ದಿನ ಒಣಗಿಸಿ ನೀರು ಹಾಕಿ ತಿಕ್ಕಾಕ ಕುಂತ್ನಿ, ನಮ್ಮ ಮನಿಯವರನ್ನ ಚರಗಿ ಹಿಡದು ಕುಂದರಿಸಿದ್ನಿ. ಅರ್ಧಾ ತಾಸಿಗೆ ಅವರಿಗೆ ಬ್ಯಾಸರಾತು. “ಇನ್ನ ನಾಕ ಬೆರಳ ಜಾಗಾ ಐತಿ, ಒಣಾನ ತಿಕ್ಕಿ ಬಿಡಲೇ” ಅಂತ ನನ್ನ ಕೈಯಾಗಿಂದ ಪೇಪರ್ ತಗೊಂಡ್ರು.

ನಾ ಕಸಗೊಂಡು ಒಗದ್ನಿ. “ಒಣಾ ತಿಕ್ಕಬ್ಯಾಡ್ರಿ ಅಂದ್ರ ತಿಳ್ಯಾಂಗಿಲ್ಲೇನು ನಿಮಗ?”

ಬಾಜೂ ಮನಿಯವರು ಕಿಡಕಿ ತಗದು ನೋಡಿದ್ರು. ಮನಿಯವರು ಗಾಬರಿಯಾಗಿ ಎದ್ದು ಹೋಗಿ ನೀರು ತಂದ್ರು.

ಪಾಲಿಶ್ ಮುಗದಾಗ ಬಿಸಿಲು ಇಳದಿತ್ತು. ಕರೀ ಬಂಪರಿನಾಗ ನಮ್ಮ ಬೇವಿನ ಗಿಡ ಎಲಿ ಎಲಿ ಕಾಣತಿತ್ತು. ಬಂತು, ಬಂತು ನೋಡ್ರಿ ಅಂತ ಕೂಗಿದ್ನಿ! ಮಣಕಾಲೂರಿ ಬಾಗಿದ್ನಿ, ಹಲ್ಲ ಕಿಸದ್ನಿ, ಎಣಸಾಕ ಹತ್ತಿದ್ನಿ. “ಒಂದ್, ಎರಡ್, ಮೂರ್...” ಮೂರರ ಮುಂದಿನ ಹಲ್ಲು ನನ್ನ ಬಾಯಾಗ ಗಟ್ಟಿ ಐತಿ, ಬಂಪರಿನಾಗೂ ನಿಚ್ಚಳ ಕಂಡಿತು. ಆದ್ರೂ ನಾಲಿಗಿ ಅಲ್ಲೇ ನಿಂತಿತು. “ಇಲ್ಲಿ ಬಾಗಲಾ ತಗದೈತಿ” ಅಂದ್ನಿ.

ಮನಿಯವರು ನನ್ನ ಹೆಗಲ ಮ್ಯಾಲಿಂದ ಬಾಗಿ ನೋಡಿದ್ರು. “ಎಲ್ಲಿ? ನಿನ್ನ ಹಲ್ಲ ಎಲ್ಲಾ ಅದಾವಲ್ಲ?”

“ಇಲ್ಲರಿ” ಅಂದ್ನಿ. “ಒಂದ್ ಇಲ್ಲ.”